ಬಿರುಬಿಸಿಲಿನಲ್ಲಿ ಮನೆಯ ಹಿರಿಯರು: ಬಂದು ಹೋಗುವವರೇ ಮದ್ದು

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳ ದಿನ ಬಂದವೆಂದರೆ ಬಯಲುಸೀಮೆಯ ಹಳ್ಳಿಗಳಲ್ಲಿ ಕೆಲಸದ ಹೊತ್ತೇ ಬದಲಾಗುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆಯ ರಾಶಿ ಮುಗಿದಿರುತ್ತದೆ. ಕಣಿಕೆ ಬಣವೆ ಸೇರಿರುತ್ತದೆ. ಎರೆಭೂಮಿ ಬಿರುಕು ಬಿಟ್ಟು ಮಳೆಯ ದಾರಿ ಕಾಯುತ್ತಿರುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಹಾಗೆಯೇ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳೂ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ರೂಢಿ ಇದೆ. ಬಿಸಿಲಿಗೆ ಸರ್ಕಾರವೂ ತಲೆಬಾಗುವ ಸೀಮೆ ಇದು.

ಇದೇ ದಿನಗಳಲ್ಲಿ ಶಾಲೆಗಳಿಗೆ ರಜೆ. ಮಗಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಾಳೆ. ದುಡಿಯಲು ಬೆಂಗಳೂರು, ಪುಣೆ, ಗೋವಾ ಸೇರಿದ ಮಗ ಜಾತ್ರೆಗೆಂದು ನಾಲ್ಕು ದಿನ ಊರು ಕಾಣುತ್ತಾನೆ. ಮದುವೆ, ಮುಂಜಿ, ಬಸವ ಜಯಂತಿ ಎಂದು ಬೀಗರು ಬಿಜ್ಜರು ಬಂದು ಹೋಗುತ್ತಾರೆ. ಹೀಗೆ ವರ್ಷದಲ್ಲಿ ಅತಿ ಕಷ್ಟದ ಬಿಸಿಲೂ ಅತಿ ಬೇಕಾದ ಜನರೂ ಹಳ್ಳಿಯ ಮನೆಗೆ ಒಟ್ಟಿಗೇ ಬರುತ್ತವೆ.

ಮನೆಯ ಮುದಿಜೀವದ ಮಟ್ಟಿಗೆ ಇವೆರಡರ ನಡುವೆ ಹತ್ತಿರದ ಸಂಬಂಧವಿದೆ. ಬಿಸಿಲು ಹಿರಿಯರಿಗೆ ಶತ್ರುವಾದರೆ, ಬಂದು ಹೋಗುವ ಜನರೇ ಅದಕ್ಕೆ ಮದ್ದು. ಇದು ಉಪಚಾರಕ್ಕೆ ಆಡಿದ ಮಾತಲ್ಲ. ಅನುಭವವೂ ವೈದ್ಯಶಾಸ್ತ್ರವೂ ಒಪ್ಪಿದ ಮಾತು. ರೈತ ಬಾಂಧವರು ಇದನ್ನು ತಿಳಿದುಕೊಂಡರೆ ಬೇಸಿಗೆಯಲ್ಲಿ ಹಲವು ಮನೆಗಳ ಹಿರಿಯರನ್ನು ಉಳಿಸಿಕೊಳ್ಳಬಹುದು.

ಮುತ್ಯಾನ ಒಂದು ದಿನ

ಎಪ್ಪತ್ತೈದು ದಾಟಿದ ಒಕ್ಕಲುತನದ ಮುತ್ಯಾ ಒಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಯಾವುದಾದರೂ ಇರಲಿ. ಇಂಥವರು ಊರಿಗೆ ಹತ್ತಾರು ಮಂದಿ ಇದ್ದಾರೆ. ಈ ಪುಟ ಓದುತ್ತಿರುವ ವಾಚನಾಲಯದ ಕಟ್ಟೆಯ ಮೇಲೂ ಒಬ್ಬರು ಕುಳಿತಿರಬಹುದು.

ಕೋಳಿ ಕೂಗುವ ಮೊದಲೇ ಮುತ್ಯಾನಿಗೆ ಎಚ್ಚರ. ಅಂಗಳದ ಹೊರಸಿನಿಂದ ಎದ್ದು ಮೊದಲು ಹೋಗುವುದು ದನದ ಕೊಟ್ಟಿಗೆಗೆ. ಜೋಡೆತ್ತು ಮಾರಿ ವರ್ಷಗಳಾದವು. ಉಳುಮೆಗೆ ಈಗ ಬಾಡಿಗೆ ಟ್ರ್ಯಾಕ್ಟರ್. ಆದರೂ ಒಂದು ಆಕಳು, ಒಂದು ಎಮ್ಮೆ ಉಳಿದಿವೆ. ಗೋದಲಿಗೆ ಕಣಿಕೆ ಹಾಕಿ, ಸಗಣಿ ಎತ್ತಿ ತಿಪ್ಪೆಗೆ ಸುರಿದು, ಒಂದು ಬಟ್ಟಲು ಚಹಾ ಕುಡಿದು ಹೊಲದ ದಾರಿ ಹಿಡಿಯುತ್ತಾನೆ. ಹೊಲದಲ್ಲಿ ಈಗ ದೊಡ್ಡ ಕೆಲಸವೇನಿಲ್ಲ. ಒಡೆದ ಬದುವಿಗೆ ನಾಲ್ಕು ಬುಟ್ಟಿ ಮಣ್ಣು ಹಾಕುವುದು, ಉತ್ತ ನೆಲದಲ್ಲಿ ಮೇಲೆದ್ದ ಕರಿಕೆಯ ಬೇರು ಆರಿಸುವುದು, ಬೇಲಿಗೆ ಮುಳ್ಳು ಒತ್ತುವುದು, ಇಷ್ಟೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದರೆ ಒಂದೇ ಉತ್ತರ: “ಹೊಲದ ಮಾರಿ ನೋಡದ ದಿನ ನನಗ ರೊಟ್ಟಿ ಇಳಿಯೂದಿಲ್ಲ.”

ಒಂಬತ್ತಕ್ಕೆ ಮನೆಗೆ ಬರುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತದೆ. ಹಲ್ಲಿಲ್ಲದ ಬಾಯಿ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾನೆ. ಸೊಸೆ ಆಗಲೇ ಕೂಲಿಗೆ ಹೋಗಿದ್ದಾಳೆ. ಮುತ್ಯಾ ಬೇವಿನ ಗಿಡದ ನೆರಳಲ್ಲಿ ಕುಳಿತು ಪುಂಡಿನಾರಿನಿಂದ ದನದ ಕಣ್ಣಿ ಹೊಸೆಯುತ್ತಾನೆ. ಪೇಟೆಯಲ್ಲಿ ನೈಲಾನ್ ಹಗ್ಗ ಅಗ್ಗಕ್ಕೆ ಸಿಗುತ್ತದೆ, ಗೊತ್ತು. ದನದ ಕೊರಳಿಗೆ ನಾರೇ ಮೆತ್ತಗೆ ಎಂಬುದು ಅವನ ವಾದ. ಹನ್ನೊಂದಕ್ಕೆ ಎದ್ದು ಎಮ್ಮೆಗೆ ಕೊಡಗಟ್ಟಲೆ ನೀರು ಕುಡಿಸಿ, ಉಳಿದ ನೀರನ್ನು ಅದರ ಬೆನ್ನ ಮೇಲೆ ಸುರಿಯುತ್ತಾನೆ.

ಹನ್ನೆರಡರಿಂದ ನಾಲ್ಕರವರೆಗೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಹಿಂದಿನವರು ಕಟ್ಟಿದ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಒಳಕೋಣೆ ಈಗ ಜೋಳದ ಚೀಲಗಳಿಗೆ ಮೀಸಲು. ಮುತ್ಯಾ ಮಲಗುವುದು ಮುಂದಕ್ಕೆ ಇಳಿಸಿದ ತಗಡಿನ ಪಡಸಾಲೆಯಲ್ಲಿ. ತಗಡು ಕಾದು ಹಂಚಾಗಿರುತ್ತದೆ. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಮಂಪರು. ಮುಚ್ಚಿಟ್ಟ ಬುತ್ತಿ ಮುಚ್ಚಿದಂತೆಯೇ ಉಳಿದಿರುತ್ತದೆ. ಸಂಜೆ ಏಳುವಾಗ ತಲೆ ಸುತ್ತು, ಕಾಲಲ್ಲಿ ಕಸುವಿಲ್ಲ. “ವಯಸ್ಸಾತಲ್ಲ” ಎಂದು ತನಗೆ ತಾನೇ ಹೇಳಿಕೊಂಡು ಗೋಡೆ ಹಿಡಿದು ನಿಲ್ಲುತ್ತಾನೆ.

ಈಗ ಲೆಕ್ಕ ಹಾಕಿ. ಬೆಳಗಿನ ಚಹಾ, ರೊಟ್ಟಿಯ ಜೊತೆಯ ಹಾಲು, ಮೇಲೊಂದು ತಂಬಿಗೆ ನೀರು, ಸಂಜೆಯ ಚಹಾ. ಎಮ್ಮೆಯ ನೀರಡಿಕೆಯನ್ನು ಕಂಡುಹಿಡಿಯಬಲ್ಲ ಮುತ್ಯಾನ ಹೊಟ್ಟೆಗೆ ಇಡೀ ದಿನದಲ್ಲಿ ಒಂದು ಲೀಟರ್ ಮೇಲೆ ಸ್ವಲ್ಪ ನೀರು ಹೋಗಿದ್ದರೆ ಅದೇ ಹೆಚ್ಚು. ನೀರಿಗೇನೂ ಬರವಿರಲಿಲ್ಲ. ಕೈಗೆ ಸಿಗುವಷ್ಟು ದೂರದಲ್ಲಿ ಹರವಿಯ ತುಂಬ ತಣ್ಣೀರಿತ್ತು. ಕುಡಿಯಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಅಪಾಯ ಇರುವುದು ಇಲ್ಲಿಯೇ.

ನೀರಡಿಕೆ ಯಾಕೆ ತಿಳಿಯುವುದಿಲ್ಲ?

ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದ ಸಾಂದ್ರತೆ ಹೆಚ್ಚುತ್ತದೆ. ಅದನ್ನು ಅರಿತು ಮೆದುಳು ಬಾಯಾರಿಕೆಯ ಸೂಚನೆ ಕೊಡುತ್ತದೆ. ಹರೆಯದವರಲ್ಲಿ ಈ ಸೂಚನೆ ಚುರುಕು. ವಯಸ್ಸಾದಂತೆ ಮಂದವಾಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಮುದುಕರನ್ನೂ ತರುಣರನ್ನೂ 24 ಗಂಟೆ ಕಾಲ ನೀರು ಕೊಡದೆ ಇರಿಸಿ ಆಮೇಲೆ ಬೇಕಾದಷ್ಟು ಕುಡಿಯಲು ಬಿಟ್ಟರು. ಮುದುಕರಿಗೆ ತರುಣರಷ್ಟು ಬಾಯಾರಿಕೆ ಆಗಿರಲಿಲ್ಲ. ಅವರು ಕುಡಿದ ನೀರೂ ಕಡಿಮೆ. ಮೈಗೆ ನೀರು ಬೇಕಾಗಿತ್ತು, ಆದರೆ ನಾಲಗೆ ಕೇಳಲಿಲ್ಲ. ಅದರ ಮೇಲೆ ಮುಪ್ಪಿನಲ್ಲಿ ಮೂತ್ರಪಿಂಡಗಳಿಗೂ ನೀರನ್ನು ಹಿಡಿದಿಡುವ ಶಕ್ತಿ ತಗ್ಗಿರುತ್ತದೆ.

ಎರಡನೆಯದು ಬೆವರು. ಮಣ್ಣಿನ ಹರವಿಯಲ್ಲಿ ನೀರು ತಣ್ಣಗಿರುವುದು ಹೇಗೆಂದು ಎಲ್ಲರೂ ಬಲ್ಲರು. ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ಮೈಯೂ ತಂಪಾಗುವುದು ಇದೇ ರೀತಿಯಲ್ಲಿ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ, ಸುಮಾರು 7 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಮೈಯಿಂದ ಹೊರಗೆ ಹೋಗುತ್ತದೆ. ಬಹಳ ವರ್ಷ ಬಳಸಿದ ಹರವಿಯ ರಂಧ್ರಗಳು ಮುಚ್ಚಿಕೊಂಡು ನೀರು ತಂಪಾಗದೆ ಹೋಗುವುದುಂಟು. ಮುದಿ ಚರ್ಮವೂ ಹಾಗೆಯೇ. ಬೆವರು ಕಡಿಮೆ, ಚರ್ಮಕ್ಕೆ ರಕ್ತದ ಓಟವೂ ಕಡಿಮೆ. ಆದುದರಿಂದ ಶಾಖ ಒಳಗೇ ಉಳಿಯುತ್ತದೆ. ಅದನ್ನು ಹೊರಗೆ ತಳ್ಳಲು ಹೃದಯ ಹೆಚ್ಚು ದುಡಿಯಬೇಕಾಗುತ್ತದೆ.

ದನ ಸಾಕಿದವರಿಗೆ ಇದು ಹೊಸ ಪಾಠವೇನಲ್ಲ. ಎಮ್ಮೆಯ ಮೈಯಲ್ಲಿ ಬೆವರಿನ ಗ್ರಂಥಿಗಳು ಆಕಳಿಗಿಂತ ಬಹಳ ಕಡಿಮೆ. ಚರ್ಮ ಕಪ್ಪಾದ್ದರಿಂದ ಬಿಸಿಲನ್ನು ಹೆಚ್ಚು ಹೀರುತ್ತದೆ. ಅದಕ್ಕಾಗಿಯೇ ಎಮ್ಮೆ ಮಧ್ಯಾಹ್ನ ಕೆರೆಯಲ್ಲಿ ಬಿದ್ದುಕೊಳ್ಳುವುದು. ಕೆರೆ ಇಲ್ಲದ ಊರಲ್ಲಿ ಒಕ್ಕಲಿಗನೇ ನೀರು ಹೊತ್ತು ತಂದು ಸುರಿಯುತ್ತಾನೆ. ಸುರಿಯದಿದ್ದರೆ ಹಾಲು ಇಳಿಯುವುದೆಂದು ಅವನು ಬಲ್ಲ. ಬೆವರದ ಪ್ರಾಣಿಗೆ ಹೊರಗಿನಿಂದ ನೀರು ಬೇಕು ಎಂಬ ಈ ತಿಳುವಳಿಕೆಯನ್ನು ಮನೆಯ ಹಿರಿಯರಿಗೂ ಅನ್ವಯಿಸಿದರೆ ಅರ್ಧ ಕೆಲಸ ಆದಂತೆ.

ಮೂರನೆಯ ಕಾರಣವನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಹೆಚ್ಚು ನೀರು ಕುಡಿದರೆ ರಾತ್ರಿ ನಾಲ್ಕು ಸಲ ಏಳಬೇಕು. ಪಾಯಖಾನೆ ಹಿತ್ತಲಿನಾಚೆ. ಕಣ್ಣು ಮಬ್ಬು, ದಾರಿಯಲ್ಲಿ ಕಲ್ಲು, ಹುಳುಹುಪ್ಪಟೆಯ ಭಯ. ಅಜ್ಜಿಯರಿಗೆ ಸಂಕೋಚವೂ ಸೇರುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲೆ ನೀರನ್ನೇ ಮುಟ್ಟುವುದಿಲ್ಲ. ಇಂಥವರಿಗೆ “ನೀರು ಕುಡೀರಿ” ಎಂದು ಉಪದೇಶ ಮಾಡಿದರೆ ಸಾಲದು. ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ದೀಪ, ಹಿಡಿದು ನಡೆಯಲು ಒಂದು ಹಗ್ಗ ಅಥವಾ ಗಳ, ಬೇಕಾದರೆ ಹಾಸಿಗೆಯ ಬಳಿ ಒಂದು ಪಾತ್ರೆ ಇಡಬೇಕು. ದಿನದ ನೀರಿನ ಹೆಚ್ಚಿನ ಪಾಲು ಸಂಜೆಯ ಒಳಗೇ ಹೊಟ್ಟೆ ಸೇರುವಂತೆ ನೋಡಿಕೊಳ್ಳಬೇಕು.

ಮೊಮ್ಮಕ್ಕಳು ಬಂದಾಗ

ಇದೇ ಮುತ್ಯಾನ ಮನೆಗೆ ರಜೆಯಲ್ಲಿ ಮಗಳು ಬಂದ ದಿನವನ್ನು ನೋಡಿ. ಬಸ್ಸು ಇಳಿದು, ತಲೆಗೆ ಸೆರಗು ಹೊದ್ದು, ಎರಡು ಮಕ್ಕಳನ್ನು ನಡೆಸಿಕೊಂಡು ಅವಳು ಬಾಗಿಲಿಗೆ ಬಂದಾಗ ಮುತ್ಯಾ ಮಂಪರಿನಿಂದ ಎದ್ದು ಕೂರುತ್ತಾನೆ.

“ಬಾರವ್ವಾ, ಬಿಸಲಾಗ ಬಂದೀದಿ. ಮೊದಲು ಕಾಲಿಗೆ ನೀರು ಹಾಕ್ಕೋ.”

ತಾನೇ ಎದ್ದು ಹರವಿಯಿಂದ ನೀರು ತೆಗೆಯುತ್ತಾನೆ. ಗೂಡಿನಲ್ಲಿಟ್ಟ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಾನೆ. ಬಿಸಿಲಲ್ಲಿ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುವುದು ಈ ಸೀಮೆಯ ಹಳೆಯ ಪದ್ಧತಿ. ಚಹಾ ಬಂದ ಮೇಲೆ ಇದು ಹಿಂದೆ ಸರಿದಿದೆ, ಪೂರ್ತಿ ಹೋಗಿಲ್ಲ. ಸಣ್ಣ ಮೊಮ್ಮಗ ಬೆಲ್ಲ ಬಾಯಿಗಿಟ್ಟು ಕೇಳುತ್ತಾನೆ:

“ಮುತ್ಯಾ, ನಿನಗ ನೀರಡಿಕಿ ಆಗಿಲ್ಲೇನು?”

“ಇಲ್ಲೋ ತಮ್ಮಾ. ನೀ ಕುಡಿ.”

“ನೀ ಕುಡದ್ರ ನಾ ಕುಡೀತೀನಿ.”

ಮೊಮ್ಮಗನ ಮಾತಿಗೆ ಎದುರಿಲ್ಲ. ಮುತ್ಯಾ ಒಂದು ಲೋಟ ನೀರು ಕುಡಿಯುತ್ತಾನೆ. ಅರ್ಧ ಗಂಟೆಗೆ ಮಗಳು ಮಜ್ಜಿಗೆ ಕಡೆದು ಉಪ್ಪು, ಜೀರಿಗೆ ಹಾಕಿ ಎಲ್ಲರಿಗೂ ಕೊಡುತ್ತಾಳೆ, ಅವನಿಗೂ ಒಂದು ಪಾಲು. ಊಟಕ್ಕೆ ಜೋಳದ ನುಚ್ಚು ಮಜ್ಜಿಗೆ. ಅವಳು ಪಕ್ಕದಲ್ಲೇ ಕುಳಿತಿರುವುದರಿಂದ ಬುತ್ತಿ ಮುಚ್ಚಿಡಲು ಆಗುವುದಿಲ್ಲ. ಮಾರನೆಯ ದಿನ ಮಾವಿನ ಸೀಕರಣೆ, ಶಾವಿಗೆ. ಮಕ್ಕಳಿಗೆ ಕಲ್ಲಂಗಡಿ ಕೊಯ್ದಾಗ ಮುತ್ಯಾನ ಕೈಗೂ ಒಂದು ಹೋಳು. ತಗಡಿನ ಕೆಳಗೆ ಮಕ್ಕಳಿಗೆ ಸೆಕೆಯೆಂದು ಮಗಳು ಜೋಳದ ಚೀಲ ಸರಿಸಿ ಒಳಕೋಣೆಯಲ್ಲಿ ಚಾಪೆ ಹಾಸುತ್ತಾಳೆ. ಮಕ್ಕಳಿದ್ದಲ್ಲಿ ಮುತ್ಯಾ. ಅವನಿಗೂ ತಂಪಿನ ಜಾಗ ಸಿಕ್ಕಿತು.

ಮೂರು ದಿನದಲ್ಲಿ ತಲೆಸುತ್ತು ನಿಲ್ಲುತ್ತದೆ. ಊರವರು “ಮಗಳ ಮಾರಿ ನೋಡಿ ಮುತ್ಯಾ ಗೆಲುವಾದ” ಎನ್ನುತ್ತಾರೆ. ಮಾತು ನಿಜ. ಆದರೆ ಸಂತೋಷ ಒಂದೇ ಅವನನ್ನು ಗೆಲುವು ಮಾಡಲಿಲ್ಲ. ಬಂದವರ ನೆಪದಲ್ಲಿ ಅವನ ಹೊಟ್ಟೆಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಹೋಯಿತು. ಉಪ್ಪು ಹೋಯಿತು. ಊಟ ಹೋಯಿತು. ಮಧ್ಯಾಹ್ನ ಮೈ ತಂಪಾಯಿತು. ಒಬ್ಬನೇ ಇದ್ದಾಗ ನೆನಪಾಗದ ನೀರು ನಾಲ್ಕು ಜನರ ನಡುವೆ ತಾನಾಗಿ ನೆನಪಾಯಿತು.

ದೂರದ ಊರುಗಳು ಕಲಿತ ಪಾಠ

ಇದು ನಮ್ಮ ಹಳ್ಳಿಗಳಲ್ಲಿ ಮಾತ್ರ ಕಂಡುಬಂದ ಸಂಗತಿಯಲ್ಲ. 1995ರ ಜುಲೈ ತಿಂಗಳಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಮುದುಕರು. ವೈದ್ಯರು ಆಮೇಲೆ ಮನೆಮನೆಗೆ ಹೋಗಿ, ಸತ್ತವರ ಮತ್ತು ಬದುಕಿದವರ ಸ್ಥಿತಿಗತಿ ಹೋಲಿಸಿ ನೋಡಿದರು. ಒಂಟಿಯಾಗಿದ್ದವರಿಗೆ, ಮನೆಯಿಂದ ಹೊರಗೆ ಬಾರದವರಿಗೆ ಸಾವಿನ ಭಯ ಹೆಚ್ಚಾಗಿತ್ತು. ಹತ್ತಿರದಲ್ಲಿ ಸ್ನೇಹಿತರಿದ್ದವರು, ನಾಲ್ಕು ಜನರ ಜೊತೆ ಬೆರೆಯುತ್ತಿದ್ದವರು ಹೆಚ್ಚಾಗಿ ಉಳಿದುಕೊಂಡರು.

2003ರ ಆಗಸ್ಟ್‌ನಲ್ಲಿ ಫ್ರಾನ್ಸ್ ದೇಶದಲ್ಲಿ ಬಿಸಿಲಿಗೆ ಸುಮಾರು 15,000 ಜನ ಬಲಿಯಾದರು. ಅಲ್ಲಿಯೂ ಹೆಚ್ಚಿನವರು ಹಿರಿಯರೇ. ಆಗಸ್ಟ್ ಅಲ್ಲಿ ರಜೆಯ ತಿಂಗಳು. ಮಕ್ಕಳು, ನೆರೆಯವರು ಊರು ಬಿಟ್ಟು ಹೋಗಿದ್ದರು. ನಮ್ಮಲ್ಲಿ ಬೇಸಿಗೆ ರಜೆ ಮಕ್ಕಳನ್ನು ಹಿರಿಯರ ಬಳಿಗೆ ಕರೆತಂದರೆ, ಅಲ್ಲಿ ಅದೇ ರಜೆ ಹಲವು ಮನೆಗಳಲ್ಲಿ ಹಿರಿಯರನ್ನು ಒಂಟಿಯಾಗಿ ಬಿಟ್ಟಿತ್ತು. ಆ ದೇಶ ಪಾಠ ಕಲಿತು 2004ರಲ್ಲಿ ಕಾನೂನು ಮಾಡಿತು. ಹೆಸರು ಬರೆಸಲು ಒಪ್ಪಿದ ಮುದುಕರ, ಅಂಗವಿಕಲರ ಪಟ್ಟಿಯನ್ನು ಪ್ರತಿ ಊರಿನ ಪೌರಾಡಳಿತ ಇಟ್ಟುಕೊಳ್ಳಬೇಕು. ಬಿಸಿಗಾಳಿಯ ಎಚ್ಚರಿಕೆ ಬಂದಾಗ ಅವರನ್ನು ಮಾತನಾಡಿಸಿ ವಿಚಾರಿಸಬೇಕು.

ನಮ್ಮ ದೇಶದಲ್ಲಿ 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಭಾರಿ ಬಿಸಿಲು ಹೊಡೆಯಿತು. ಆ ತಿಂಗಳು ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳಾದುವೆಂದು ಆಮೇಲೆ ಲೆಕ್ಕ ಸಿಕ್ಕಿತು. 2013ರಲ್ಲಿ ಆ ನಗರ ಬಿಸಿಲನ್ನು ಎದುರಿಸುವ ಯೋಜನೆ ಸಿದ್ಧಪಡಿಸಿತು. ಮುಂಚಿತ ಎಚ್ಚರಿಕೆ, ಕುಡಿಯುವ ನೀರಿನ ಅರವಟ್ಟಿಗೆ, ಆಸ್ಪತ್ರೆಗಳಿಗೆ ತರಬೇತಿ, ಆಮೇಲೆ ಬಡವರ ಮನೆಗಳ ಮಾಡಿಗೆ ಬಿಳಿ ಬಣ್ಣ, ಹೀಗೆ ಅದು ಬೆಳೆಯಿತು. ಬೇರೆ ನಗರಗಳಿಗೂ ರಾಜ್ಯಗಳಿಗೂ ಅದು ಮಾದರಿಯಾಯಿತು.

ಹಳ್ಳಿಯಲ್ಲಿ ಬಿಸಿಲಿನ ಸಾವು ಲೆಕ್ಕಕ್ಕೆ ಸಿಗುವುದು ಕಡಿಮೆ. ಮೇ ತಿಂಗಳಲ್ಲಿ ಹಿರಿಯರೊಬ್ಬರು ಮಲಗಿದಲ್ಲೇ ತೀರಿಕೊಂಡರೆ “ವಯಸ್ಸಾಗಿತ್ತು” ಎಂಬಲ್ಲಿಗೆ ಮಾತು ಮುಗಿಯುತ್ತದೆ. 2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು, ಅವರಲ್ಲಿ ಬಹುಪಾಲು ಹಳ್ಳಿಗಳಲ್ಲೇ ಇರುವವರು. ದುಡಿಯುವವರು ಊರು ಬಿಟ್ಟಂತೆ ಒಂಟಿ ಹಿರಿಯರ ಮನೆಗಳು ಹೆಚ್ಚುತ್ತವೆ. ಆದುದರಿಂದ ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳುವ ಮಾತು ಇನ್ನು ಸಲ್ಲದು.

ಯಾವ ಬಿಸಿಲು ಅಪಾಯದ್ದು?

ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಮೇಲೆ ಏರಿದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ವಾಡಿಕೆ ಏನೇ ಇರಲಿ, 45 ಡಿಗ್ರಿ ಮುಟ್ಟಿದರೆ ಬಿಸಿಗಾಳಿಯೇ. ಕರಾವಳಿಗೆ ಈ ಮಿತಿ 37 ಡಿಗ್ರಿಯಿಂದ ಆರಂಭ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ರೇಡಿಯೊ, ಟಿವಿ, ಮೊಬೈಲ್‌ಗಳಲ್ಲಿ ಬರುವ ಎಚ್ಚರಿಕೆಯನ್ನು ಬಿತ್ತನೆಯ ಕಾಲದಲ್ಲಿ ಮಳೆಯ ಸುದ್ದಿ ಕೇಳುವಷ್ಟೇ ಆಸಕ್ತಿಯಿಂದ ಕೇಳಬೇಕು. ಹಗಲಿನ ಬಿಸಿಲಿನ ಜೊತೆಗೆ ರಾತ್ರಿಯ ಸೆಕೆಯೂ ಇಳಿಯದಿದ್ದರೆ ಮೈಗೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಇಂಥ ದಿನಗಳು ಬೆನ್ನುಬೆನ್ನಿಗೆ ಬಂದಾಗ ಹೆಚ್ಚು ಎಚ್ಚರ ಬೇಕು.

ಮನೆಯವರು ಮಾಡಬೇಕಾದ್ದು

ನೀರು: ಬಾಯಾರಿಕೆ ಕಾಯದೆ ಹೊತ್ತು ನೋಡಿ ಕುಡಿಸಬೇಕು. ಗಂಟೆಗೊಂದು ಲೋಟದಂತೆ ದಿನಕ್ಕೆ ಎರಡರಿಂದ ಮೂರು ಲೀಟರ್. ನೀರೇ ಆಗಬೇಕೆಂದಿಲ್ಲ. ಮಜ್ಜಿಗೆ, ಅಂಬಲಿ, ನಿಂಬೆ ಪಾನಕ, ಎಳನೀರು, ತಿಳಿಸಾರು ಎಲ್ಲ ಲೆಕ್ಕಕ್ಕೆ ಬರುತ್ತವೆ. ಬೆಳಿಗ್ಗೆ ಎರಡು ಲೀಟರಿನ ಬಿಂದಿಗೆಯನ್ನು ಹಿರಿಯರ ಪಕ್ಕದಲ್ಲಿಟ್ಟರೆ ಸಂಜೆ ಎಷ್ಟು ಖಾಲಿಯಾಯಿತೆಂದು ಕಣ್ಣಿಗೆ ಕಾಣುತ್ತದೆ. ಸಾರಾಯಿ, ಸೇಂದಿ ಮೈಯ ನೀರನ್ನು ಇನ್ನಷ್ಟು ಕಳೆಯುತ್ತವೆ, ಬೇಡ. ಹೃದಯದ, ಮೂತ್ರಪಿಂಡದ ಕಾಯಿಲೆ ಇದ್ದು ವೈದ್ಯರು ನೀರು, ಉಪ್ಪಿಗೆ ಮಿತಿ ಹೇಳಿದ್ದರೆ ಬೇಸಿಗೆಯಲ್ಲಿ ಎಷ್ಟು ಎಂಬುದನ್ನು ಅವರನ್ನೇ ಕೇಳಬೇಕು.

ಉಪ್ಪು ಸಕ್ಕರೆಯ ನೀರು: ಭೇದಿ, ವಾಂತಿ ಆಗಿದ್ದರೆ ಅಥವಾ ಬಹಳ ಬೆವರಿ ಸುಸ್ತಾಗಿದ್ದರೆ ಓಆರ್‌ಎಸ್ ಪುಡಿ ಒಳ್ಳೆಯದು. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು ಹಾಕಿ ಕಲಕಬೇಕು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಕೆಡುಕು. ಸಕ್ಕರೆಯ ಅಂಶ ಉಪ್ಪನ್ನೂ ನೀರನ್ನೂ ಕರುಳಿನಿಂದ ರಕ್ತಕ್ಕೆ ಎಳೆದೊಯ್ಯುತ್ತದೆ ಎಂಬುದೇ ಇದರ ಗುಟ್ಟು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಇಂಥ ನೀರನ್ನೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಸಕ್ಕರೆ ಕಾಯಿಲೆ ಇರುವವರು ಇದನ್ನು ದಿನನಿತ್ಯದ ಪಾನೀಯ ಮಾಡಿಕೊಳ್ಳಬಾರದು.

ಜಾಗ: ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಹಿರಿಯರದ್ದಾಗಲಿ. ಜೋಳದ ಚೀಲ ತಗಡಿನ ಕೆಳಗಿದ್ದರೂ ನಡೆಯುತ್ತದೆ. ತಗಡಿನ, ಕಾಂಕ್ರೀಟಿನ ಮಾಡಿಗೆ ಬೇಸಿಗೆಯ ಮೊದಲೇ ದಪ್ಪಗೆ ಸುಣ್ಣ ಬಳಿದರೆ ಒಳಗಿನ ಸೆಕೆ ಒಂದೆರಡು ಡಿಗ್ರಿಯಾದರೂ ಇಳಿಯುತ್ತದೆ. ಬಿಸಿಲೇರುವ ಮುನ್ನ ಕಿಟಕಿ ಮುಚ್ಚಿ, ಸಂಜೆ ತೆರೆಯಬೇಕು. ಬಾಗಿಲಿಗೆ ಒದ್ದೆ ಗೋಣಿ ಇಳಿಬಿಡಬಹುದು. ತಂಪಿಗೆಂದು ಮಾಡಿನ ಮೇಲೆ ಒಣ ಕಣಿಕೆ ಹರಡಬೇಡಿ, ಬೆಂಕಿಯ ಭಯವಿದೆ. ಗಾಳಿ 40 ಡಿಗ್ರಿ ದಾಟಿದಾಗ ಫ್ಯಾನ್ ಬರಿಯ ಬಿಸಿಗಾಳಿಯನ್ನೇ ಬೀಸುತ್ತದೆ. ಆಗ ಒದ್ದೆ ಟವೆಲಿನಿಂದ ಮೈ, ಕೈಕಾಲು ಒರೆಸಿ ನೀರನ್ನು ಆರಲು ಬಿಡುವುದೇ ಮೇಲು.

ಔಷಧ: ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರು ಕಳೆಯುತ್ತವೆ. ತಾವಾಗಿ ನಿಲ್ಲಿಸಬಾರದು. ಆದರೆ ಬೇಸಿಗೆ ಆರಂಭವಾಗುವಾಗ ಒಮ್ಮೆ ವೈದ್ಯರಿಗೆ ಮಾತ್ರೆಗಳನ್ನು ತೋರಿಸಿ ಪ್ರಮಾಣ ಕೇಳುವುದು ಜಾಣತನ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಸೀಸೆಯನ್ನು ನೀರು ಸೋಕದ ಡಬ್ಬಿಯಲ್ಲಿ ಹಾಕಿ ಮಣ್ಣಿನ ಮಡಕೆಯೊಳಗೆ ತಂಪಾಗಿಡಬಹುದು.

ಕೆಲಸ: ಹೊಲಕ್ಕೆ ಹೋಗಬೇಡಿ ಎಂದರೆ ಹಿರಿಯರು ಕೇಳುವುದಿಲ್ಲ, ಹೇಳುವುದೂ ಸರಿಯಲ್ಲ. ಆ ನಡಿಗೆಯೇ ಅವರ ಬಲ. ಒಂಬತ್ತರೊಳಗೆ ಮರಳುವಂತೆ, ಕೈಯಲ್ಲಿ ನೀರಿನ ಬಾಟಲಿ, ತಲೆಗೆ ರುಮಾಲು ಇರುವಂತೆ ನೋಡಿಕೊಂಡರೆ ಸಾಕು. ಪಿಂಚಣಿ, ಬ್ಯಾಂಕು, ಪಡಿತರ ಎಂದು ಮಧ್ಯಾಹ್ನ ಸಾಲಿನಲ್ಲಿ ನಿಲ್ಲುವ ಪ್ರಸಂಗ ತಪ್ಪಿಸಿ.

ಅರಳು ಮರಳು ಎಂದು ಬಿಡಬೇಡಿ

ಬಾಯಿ ಒಣಗುವುದು, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುವುದು, ಎದ್ದು ನಿಂತಾಗ ತಲೆ ತಿರುಗುವುದು, ಮೀನಖಂಡ ಸೆಟೆಯುವುದು ಮೊದಲ ಸೂಚನೆಗಳು. ಚರ್ಮ ಚಿವುಟಿ ನೋಡುವ ಪರೀಕ್ಷೆಯನ್ನು ಹಿರಿಯರಲ್ಲಿ ನಂಬಬಾರದು. ಅವರ ಚರ್ಮ ಮೊದಲೇ ಸಡಿಲ. ಈ ಹಂತದಲ್ಲಿ ನೆರಳು, ನೀರು, ವಿಶ್ರಾಂತಿ ಸಾಕಾಗಬಹುದು.

ಮುಂದಿನ ಹಂತ ಭಯದ್ದು. ಮೈ ಕಾದ ಕಬ್ಬಿಣದಂತೆ ಸುಡುತ್ತದೆ. ಮಾತು ತೊದಲುತ್ತದೆ. ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಎದುರಿನವರ ಗುರುತು ಹತ್ತುವುದಿಲ್ಲ. “ಅರವತ್ತಕ್ಕೆ ಅರಳು ಮರಳು” ಎಂಬ ಗಾದೆ ಇಲ್ಲಿ ಜೀವಕ್ಕೆ ಎರವಾಗುತ್ತದೆ. ನಿನ್ನೆ ಸರಿಯಾಗಿ ಮಾತನಾಡಿದವರು ಇಂದು ಬಿಸಿಲಲ್ಲಿ ಒಮ್ಮೆಲೇ ಬಡಬಡಿಸಿದರೆ ಅದು ಮುಪ್ಪಿನ ಮರೆವಲ್ಲ, ಬಿಸಿಲಿನ ಹೊಡೆತ. ಒಳಮೈಯ ಶಾಖ 40 ಡಿಗ್ರಿ ದಾಟಿರಬಹುದು. ಒಡನೆ 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೆ ಕೈಕಟ್ಟಿ ಕೂರದೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಬೇಕು. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಒತ್ತಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ವಾಚನಾಲಯದ ಗೆಳೆಯರಿಗೆ ಒಂದು ಸೂಚನೆ

“ಹಿರಿಯರಿಲ್ಲದ ಮನೆಯಲ್ಲ, ಗುರುವಿಲ್ಲದ ಮಠವಲ್ಲ” ಎಂಬುದು ನಮ್ಮ ಗಾದೆ. ಹಿರಿಯರಿದ್ದೂ ಬೇರಾರೂ ಇಲ್ಲದ ಮನೆಗಳು ಈಗ ಪ್ರತಿ ಓಣಿಯಲ್ಲಿವೆ. ರಜೆ ಮುಗಿಯುತ್ತದೆ, ಮಗಳು ಗಂಡನ ಮನೆಗೆ ಹೊರಡುತ್ತಾಳೆ. ಮೃಗಶಿರಾ ಮಳೆ ತಡವಾದರೆ ಬಿಸಿಲು ಮಾತ್ರ ಉಳಿದಿರುತ್ತದೆ. ಬಂದು ಹೋಗುವವರೇ ಮದ್ದಾದರೆ, ಬಂದವರು ಹೋದ ಮೇಲೆ ಆ ಮದ್ದನ್ನು ಕೊಡುವವರು ಯಾರು?

ಊರವರೇ ಕೊಡಬೇಕು. ಕೆಲಸ ದೊಡ್ಡದೇನಲ್ಲ. ಒಂಟಿಯಾಗಿರುವ, ಹಾಸಿಗೆ ಹಿಡಿದಿರುವ, ಹಗಲು ಒಬ್ಬರೇ ಉಳಿಯುವ ಹಿರಿಯರ ಮನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬಹುದು. ಓಣಿಗೆ ಇಬ್ಬರಂತೆ ಹಂಚಿಕೊಂಡು, ಬಿಸಿಗಾಳಿಯ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೊಮ್ಮೆ, ಮೂರು ಗಂಟೆಗೊಮ್ಮೆ ಆ ಮನೆಗಳಿಗೆ ಹೋಗಿ ಬರಬಹುದು. ರಜೆಯಲ್ಲಿರುವ ಹೈಸ್ಕೂಲು ಹುಡುಗ ಹುಡುಗಿಯರು ಇದನ್ನು ಖುಷಿಯಿಂದ ಮಾಡುತ್ತಾರೆ. ಆಶಾ ಕಾರ್ಯಕರ್ತೆಗೆ ಆ ಪಟ್ಟಿಯ ಒಂದು ಪ್ರತಿ ಕೊಡಿ. ಹಿರಿಯ ನಾಗರಿಕರಿಗೆಂದೇ ಇರುವ 14567 ಸಹಾಯವಾಣಿಯ ಸಂಖ್ಯೆಯನ್ನು ವಾಚನಾಲಯದ ಗೋಡೆಯ ಮೇಲೆ ಬರೆಸಿ. ದೂರದಲ್ಲಿರುವ ಮಕ್ಕಳು ಮಧ್ಯಾಹ್ನ ಎರಡರ ಹೊತ್ತಿಗೆ ಫೋನು ಮಾಡಿ, ಮಾತನಾಡುತ್ತಲೇ ಒಂದು ಲೋಟ ನೀರು ಕುಡಿಸಲಿ.

ಹೋದವರು ಉಪದೇಶ ಮಾಡುವುದು ಬೇಡ. ನೀರು ಕುಡಿಯಿರಿ ಎಂದರೆ “ಈಗ ಒಲ್ಲೆ” ಎನ್ನುವ ಹಿರಿಯರು, ಮನೆಗೆ ಬಂದವರು ನೀರು ಕೇಳಿದರೆ ಎಂದೂ ಇಲ್ಲವೆನ್ನುವುದಿಲ್ಲ. ಆದುದರಿಂದ ಹೊಸ್ತಿಲಲ್ಲಿ ನಿಂತು ನೀವೇ ಕೇಳಿ: “ಮುತ್ಯಾ, ಬಿಸಿಲಾಗ ಬಂದೀನಿ, ಒಂದು ತಂಬಿಗಿ ನೀರು ಕೊಡ್ರಿ.” ಅವರು ಎದ್ದು ತರುತ್ತಾರೆ. ಎದ್ದು ಬರುವ ರೀತಿಯಲ್ಲೇ ಅವರ ಸ್ಥಿತಿ ನಿಮಗೆ ತಿಳಿಯುತ್ತದೆ. ಕಟ್ಟೆಯ ಮೇಲೆ ಕುಳಿತು ಅರ್ಧ ಕುಡಿದು, ಉಳಿದರ್ಧವನ್ನು ಅವರ ಲೋಟಕ್ಕೆ ಹಾಕಿ. ಮಳೆಯ ಮಾತು, ಬೀಜದ ಮಾತು ಹತ್ತು ನಿಮಿಷ ಆಡಿ. ಲೋಟ ಖಾಲಿಯಾದದ್ದನ್ನು ನೋಡಿ ಏಳಿ.